ಚುಕ್ಕೆ ಬಿಡಿ, ಮಣ್ಣು ನೋಡಿ

ನಮಸ್ಕಾರ್ರಿ. ಮೊದಲು ನನ್ನ ಪೆದ್ದುತನ ಹೇಳಿಬಿಡ್ತೀನಿ. ಹೋದ ವರ್ಷ ನಮ್ಮ ಅಕ್ಕನ ಮಗನ ಕಾಲೇಜ್ ಗ್ಯಾದರಿಂಗ್ ಇತ್ತು, ಫ್ಯಾನ್ಸಿ ಡ್ರೆಸ್ಸಿಗೆ ಏನಾದ್ರೂ ಮಾಡು ಮಾಮಾ ಅಂದ. ಮೈಗೆ ಮಣ್ಣಿನ ಚಿತ್ತಾರ ಮಾಡಿಕೊಳ್ಳುವ ಇಥಿಯೋಪಿಯಾದ ಓಮೋ ಕಣಿವೆಯ ಜನರ ಫೋಟೋ ಮುಂದಿಟ್ಟುಕೊಂಡು ಅವನ ಮುಖದ ತುಂಬ ಪೋಸ್ಟರ್ ಕಲರಿನ ಬಿಳಿ ಚುಕ್ಕೆ ಇಟ್ಟೆ, ತಲೆಗೆ ಪ್ಲಾಸ್ಟಿಕ್ ಎಲೆ ಕಟ್ಟಿದೆ. ಬಹುಮಾನ ಬಂತು. ರಾತ್ರಿ ಕೆನ್ನೆ ತುಂಬ ಗಂಧೆನೂ ಬಂತು. ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಆ ಫೋಟೋಗಳನ್ನು ಮತ್ತೆ ನೋಡಿದೆ, ಈ ಸಲ ಸಾವಕಾಶವಾಗಿ. ಅಲ್ಲಿನ ಎಷ್ಟೋ ಗೆರೆಗಳನ್ನು ಯಾರೂ ಬರೆದೇ ಇಲ್ಲ. ಹಸಿ ಬಿಳಿಮಣ್ಣನ್ನು ಮೈಗೆ ಬಳಿದು, ಆರುವ ಮೊದಲೇ ಅದರ ಮೇಲೆ ಬೆರಳು ಎಳೆದಿದ್ದಾರೆ. ಬೆರಳು ಹೋದಲ್ಲಿ ಮೈ ಕಾಣುತ್ತದೆ, ಅದೇ ಗೆರೆ. ನಮ್ಮ ಅಜ್ಜಿ ಸೆಗಣಿಯಿಂದ ನೆಲ ಸಾರಿಸಿದಾಗ ಬೆರಳಿನ ಕಮಾನುಗಳು ಉಳೀತಿದ್ವಲ್ಲ, ಹಂಗೇ! ಅದನ್ನು ನಾನು ಎಂದೂ ಚಿತ್ರ ಅಂತ ನೋಡಿರಲಿಲ್ಲ.

ನನ್ನ ತಕರಾರು ಇಷ್ಟೇ. ಸ್ಫೂರ್ತಿ ಅಂತ ಹೇಳಿಕೊಂಡು ನಾವು ಕದಿಯೋದು ಚುಕ್ಕೆಯನ್ನು. ಆ ಮಣ್ಣು ಯಾವುದು, ಏನು ಬೆರೆಸಿದರು, ಅದು ಮೈಮೇಲೆ ಹೇಗೆ ನಿಂತಿತು ಅಂತ ಕೇಳೋದೇ ಇಲ್ಲ.

ಅದಕ್ಕೇ ಗದಗಿನ ಕಡೆಯ ಗೆಳೆಯನ ಹೊಲದಿಂದ ಒಂದು ಚೀಲ ಕೆಮ್ಮಣ್ಣು ತಂದೆ. (ಕಪ್ಪತಗುಡ್ಡಕ್ಕೆ ಹೋಗಿ ಅಗೀಬೇಡ್ರಿ, ಅದು 2019ರಿಂದ ವನ್ಯಜೀವಿ ಧಾಮ.) ಅವ್ವನ ಹಳೇ ಸೀರೆಯಲ್ಲಿ ಸೋಸಿ, ನೀರು ಹಾಕಿ ಮುಂಗೈಗೆ ಹಚ್ಚಿದೆ. ಅರ್ಧ ತಾಸಿನಲ್ಲಿ ಬೇಸಿಗೆಯ ಕೆರೆ ಥರ ಬಿರುಕು ಬಿಟ್ಟು ಉದುರಿತು. ನಮೀಬಿಯಾದ ಹಿಂಬಾ ಹೆಂಗಸರು ಕೆಮ್ಮಣ್ಣಿಗೆ ಬೆಣ್ಣೆಯ ಜಿಡ್ಡು ಕಲಸಿ ಮೈಗೂ ಕೂದಲಿಗೂ ಹಚ್ಚುತ್ತಾರೆ, ಅದಕ್ಕೆ ಓಚಿಜೆ ಅಂತಾರೆ. ನಾನೂ ಬೆಣ್ಣೆ ಹಾಕಿದೆ. ಸಂಜೆವರೆಗೂ ಕದಲಲಿಲ್ಲ, ತಾಮ್ರದ ಹೊಳಪು! ಅಂಗಿಯ ತೋಳು ಮಾತ್ರ ಕೆಟ್ಟಿತು, ಬೆಣ್ಣೆ ಕಮಟು ಹೊಡೆಯಿತು. ಹಿಂಬಾ ಜನ ಅದರಲ್ಲಿ ಒಂದು ಗಿಡದ ಪರಿಮಳದ ಅಂಟು ಯಾಕೆ ಸೇರಿಸುತ್ತಾರೆ ಅಂತ ಮೂಗಿಗೆ ಗೊತ್ತಾಯಿತು.

ಇನ್ನೊಂದು ಮಾತು. ಓಮೋ ಕಡೆ ಪ್ರವಾಸಿಗರು ಫೋಟೋಗೆ ಇಷ್ಟು ಅಂತ ದುಡ್ಡು ಕೊಡುತ್ತಾರೆ, ಹಾಗಾಗಿ ಅಲ್ಲಿನ ಮುರ್ಸಿ ಬುಡಕಟ್ಟಿನ ಜನರಂಥವರು ಕ್ಯಾಮೆರಾಗೆ ಅಂತಲೇ ಜಾಸ್ತಿ ಅಲಂಕಾರ ಮಾಡಿಕೊಳ್ಳುವುದೂ ಉಂಟು. ಅದು ತಪ್ಪಲ್ಲ, ಅವರ ದುಡಿಮೆ. ಆದರೆ ನಾವು ಅದನ್ನೇ ನೋಡಿ "ಸಾವಿರಾರು ವರ್ಷದ ಸಂಪ್ರದಾಯ" ಅಂತ ಕ್ಯಾಪ್ಷನ್ ಹಾಕೋದು ಸುಮ್ನೆ ಬೊಗಳೆ ಅಲ್ವಾ?

ನಮ್ಮಲ್ಲೂ ಸಾಮಾನು ಬೇಕಾದಷ್ಟಿದೆ. ಮದರಂಗಿ ಇದೆ, ನವಲಗುಂದದ ಎರೆಮಣ್ಣಿದೆ. ಅರಿಶಿಣಕ್ಕೆ ಒಂದು ಚೂರು ಸುಣ್ಣ ತಾಗಿಸಿದರೆ ಸಾಕು, ಕಣ್ಣೆದುರೇ ಕೆಂಪಾಗುತ್ತದೆ. ಆದರೆ ಸುಣ್ಣ ಮೈ ಸುಡುತ್ತದೆ, ಅದನ್ನು ಕಾಗದದ ಮೇಲೆ ಮಾತ್ರ ಆಡ್ರಿ. ಈ ಸಲ ಹುಬ್ಬಳ್ಳಿಯ ರಂಗಪಂಚಮಿಗೆ ಮುತ್ತಲ ಹೂವು ಕುದಿಸಿ ಬಣ್ಣ ಮಾಡೋಣ ಅಂದಿದ್ದೀನಿ. ಅಕ್ಕನ ಮಗ ಒಪ್ಪಿದ್ದಾನೆ. ಆದರೆ ಮೊದಲು ನನ್ನ ಕೆನ್ನೆಗೆ ಹಚ್ಚಿ ಒಂದು ದಿನ ಕಾಯಬೇಕಂತೆ, ಅಕ್ಕನ ಆರ್ಡರ್.