ಅಂಕಿ ಮುಚ್ಚಿ, ಕತೆ ಓದಿ

ಕೇಳುಗರಿಗೆಲ್ಲ ನಮಸ್ಕಾರ. ಹೇಳಿಕೆ ಲೆಕ್ಕ ಬಿಡಿಸೋದು ಹೇಗೆ ಅಂತ ಮಾತಾಡಿ ಸಾರ್, ಹತ್ತು ನಿಮಿಷ ಇದೆ ಅಂತ ಕರೆದಿದ್ದಾರೆ. ಹೇಳಿಕೆ ಲೆಕ್ಕ ಗೊತ್ತಲ್ಲ, ಮಕ್ಕಳು ವರ್ಡ್ ಪ್ರಾಬ್ಲಮ್ ಅಂತಾರೆ, ಮೂರ್ನಾಲ್ಕು ಸಾಲು ಮಾತು, ಮಧ್ಯೆ ಮಧ್ಯೆ ಅಂಕಿ, ಕೊನೇಲಿ ಒಂದು ಪ್ರಶ್ನೆ. ಮಗ್ಗಿಯನ್ನ ನೀರು ಕುಡಿದ ಹಾಗೆ ಹೇಳೋ ಮಗು ಕೂಡ ಇದನ್ನ ಕಂಡ ತಕ್ಷಣ ಪೆನ್ಸಿಲ್ ಕಚ್ಚೋಕೆ ಶುರು ಮಾಡುತ್ತೆ. ಆಗ ಪಕ್ಕದಲ್ಲಿ ಕೂತಿರೋ ದೊಡ್ಡೋರು ಏನ್ ಹೇಳ್ತೀರಿ? "ಕೂಡಿಸಬೇಕಾ, ಕಳೀಬೇಕಾ, ಸರಿಯಾಗಿ ನೋಡು." ಹೇಳ್ತೀರೋ ಇಲ್ವೋ? ದಯವಿಟ್ಟು ಇವತ್ತಿಂದ ಅದೊಂದನ್ನ ಬಿಟ್ಬಿಡಿ. ಮಗು ದಾರಿ ತಪ್ಪೋದೇ ಅಲ್ಲಿ.

ನಾನು ಹೇಳೋಕೆ ಬಂದಿರೋದು ಒಂದೇ ಮಾತು. ಅಂಕಿ ಮುಚ್ಚಿ, ಕತೆ ಓದಿ. ನಿಜವಾಗ್ಲೂ ಮುಚ್ಚಿ ಅಂತಿದೀನಿ, ಹೆಬ್ಬೆರಳಿಟ್ಟೋ, ರಬ್ಬರ್ ಇಟ್ಟೋ, ಚೀಟಿ ಹರಿದಿಟ್ಟೋ. ಅಂಕಿ ಇರೋ ಕಡೆ 'ಒಂದಷ್ಟು' ಅಂತ ಓದ್ಕೊಂಡು ಹೋಗ್ಬೇಕು. ಆಮೇಲೆ ಪುಸ್ತಕ ಮುಚ್ಚಿ ಏನಾಯ್ತು ಅಂತ ಸ್ವಂತ ಮಾತಲ್ಲಿ ಹೇಳ್ಬೇಕು. ಹೇಳೋಕೆ ಬರ್ಲಿಲ್ವಾ, ಲೆಕ್ಕ ಮುಟ್ಟೋ ಹಾಗಿಲ್ಲ, ಮತ್ತೆ ಓದು.

ಯಾಕಿಷ್ಟು ಹಠ ಅಂತೀರಾ? ಒಂದು ಕತೆ ಹೇಳ್ತೀನಿ. ಫ್ರಾನ್ಸ್‌ನಲ್ಲಿ ಗ್ರೆನೋಬಲ್ ಅಂತ ಊರಿದೆ. ಅಲ್ಲಿ ಗಣಿತ ಕಲಿಸೋದರ ಬಗ್ಗೆ ಸಂಶೋಧನೆ ಮಾಡೋರು, ಸುಮಾರು 1980ರ ಹೊತ್ತಿಗೆ, ಪ್ರೈಮರಿ ಮಕ್ಕಳಿಗೆ ಒಂದು ಲೆಕ್ಕ ಕೊಟ್ರು. "ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸೆಷ್ಟು?" ಅಷ್ಟೇ ಲೆಕ್ಕ. 97 ಮಕ್ಕಳಲ್ಲಿ 76 ಮಕ್ಕಳು ಕೊಟ್ಟಿದ್ದ ಅಂಕಿಗಳನ್ನೇ ಹಿಡ್ಕೊಂಡು ಉತ್ತರ ಬರೆದುಬಿಟ್ರು. ಕುರಿಗೂ ಕ್ಯಾಪ್ಟನ್ ವಯಸ್ಸಿಗೂ ಏನ್ರೀ ಸಂಬಂಧ!

ಇದನ್ನ ಓದಿದಾಗ ನಾನು ನಂಬಲಿಲ್ಲ. ನಮ್ಮ ಅಕ್ಕನ ಮೊಮ್ಮಗಳು ಒಬ್ಬಳಿದ್ದಾಳೆ, ಆಗ ನಾಲ್ಕನೇ ಕ್ಲಾಸು, ಭಾರಿ ಚುರುಕು, ಕ್ಲಾಸಿಗೇ ಮೊದಲು ಬರೋಳು. ಒಂದು ಹಾಳೇಲಿ ಇದೇ ಲೆಕ್ಕ ಬರೆದುಕೊಟ್ಟೆ. ಪೂರ್ತಿ ಓದಿದ್ಲೋ ಇಲ್ವೋ, 26ರ ಕೆಳಗೆ 10 ಬರೆದು ಗೆರೆ ಎಳೆದು 36 ಅಂತ ಬರೆದು, ಉತ್ತರಕ್ಕೆ ಎರಡು ಗೆರೆ ಎಳೆದು, ಪಕ್ಕದಲ್ಲಿ 'ವರ್ಷ' ಅಂತ ಬೇರೆ ಸೇರಿಸಿ ಕೊಟ್ಲು. ಯಾಕಮ್ಮಾ ಕೂಡಿಸಿದೆ ಅಂದೆ. "ಎರಡೇ ನಂಬರ್ ಇದ್ದಿದ್ದು ತಾತ, ಎರಡನ್ನೂ ಯೂಸ್ ಮಾಡ್ಲಿಲ್ಲ ಅಂದ್ರೆ ಮಾರ್ಕ್ಸ್ ಕಟ್" ಅಂದ್ಲು. ಅವರಪ್ಪ ಅಲ್ಲೇ ಸೋಫಾ ಮೇಲಿದ್ದ, ಇಂಜಿನಿಯರ್ರು, ನೀನು ಹೇಳಪ್ಪಾ ಅಂದೆ. ಫೋನಿಂದ ಕಣ್ಣೆತ್ತದೇ "36 ಅಲ್ವಾ ಮಾವ" ಅಂದ. ನಗಬೇಡಿ, ಅವನೇನ್ ದಡ್ಡ ಅಲ್ಲ.

ಆಮೇಲೆ ಆ ಹುಡುಗಿನ ಹತ್ರ ಕೂರಿಸ್ಕೊಂಡು, ಎರಡು ಅಂಕಿ ಮೇಲೂ ನನ್ನ ಬೆರಳಿಟ್ಟು, ಈಗ ಓದು ಅಂದೆ. "ಒಂದು ಹಡಗಿನಲ್ಲಿ ಒಂದಷ್ಟು ಕುರಿ, ಒಂದಷ್ಟು ಮೇಕೆ ಇವೆ, ಕ್ಯಾಪ್ಟನ್ ವಯಸ್..." ಅಲ್ಲಿಗೆ ನಿಂತುಹೋದ್ಲು. ನನ್ನ ಮುಖ ನೋಡಿದ್ಲು, ಹಾಳೆ ನೋಡಿದ್ಲು. "ತಾತ, ಇದು ಮೋಸ!" ಅಂತ ಸಿಟ್ಟು ಮಾಡ್ಕೊಂಡು ಎದ್ದು ಹೋದ್ಲು, ಅವತ್ತು ಸಾಯಂಕಾಲದವರೆಗೂ ಮಾತಿಲ್ಲ. ನೋಡಿ, ಬುದ್ಧಿ ಅವಳಿಗೆ ಮೊದಲೂ ಇತ್ತು. ಅಂಕಿ ಕಂಡ್ರೆ ಕೈ ತಾನಾಗೇ ಓಡುತ್ತೆ, ತಲೆ ಹಿಂದೆ ಉಳ್ಕೊಳ್ಳುತ್ತೆ.

ಅಯ್ಯೋ, ಅರ್ಧ ಟೈಮ್ ಇದಕ್ಕೇ ಹೋಯ್ತು. ಇರಲಿ, ನಿಜವಾದ ಲೆಕ್ಕ ಒಂದನ್ನ ಮಾಡೋಣ, ಪೇಪರ್ ಇದ್ರೆ ತಗೊಳ್ಳಿ. ತಾಯಿ ವಯಸ್ಸು ಮಗಳ ವಯಸ್ಸಿನ 3 ಪಟ್ಟು. ಇನ್ನು 12 ವರ್ಷಕ್ಕೆ ಅದು 2 ಪಟ್ಟು ಆಗುತ್ತೆ. ಈಗ ಯಾರಿಗೆಷ್ಟು ವಯಸ್ಸು? ಗೊತ್ತು, ಎಕ್ಸ್ ಅಂತ ಇಟ್ಕೊಳ್ಳೋಕೆ ಕೈ ತುರಿಸ್ತಿದೆ. ತಡೀರಿ ಸ್ವಲ್ಪ, ಅಂಕಿ ಮುಚ್ಚಿ. ಕತೆ ಏನು? ತಾಯಿ ಮಗಳು ಇಬ್ರಿಗೂ ವಯಸ್ಸಾಗ್ತಾ ಹೋಗುತ್ತೆ, ಆದ್ರೆ ಇಬ್ಬರ ನಡುವಿನ ಅಂತರ ಮಾತ್ರ ಯಾವತ್ತೂ ಬದಲಾಗಲ್ಲ. ಇದು ಲೆಕ್ಕದಲ್ಲಿ ಬರೆದಿಲ್ಲ ನೋಡಿ, ಕತೆ ಓದಿದವರಿಗೆ ಮಾತ್ರ ಕಾಣುತ್ತೆ. ಈಗ ಬೆರಳು ತೆಗೀರಿ. ಮಗಳಿಗೆ ಒಂದು ಡಬ್ಬಿ ಬರೀರಿ, ತಾಯಿಗೆ ಅಷ್ಟೇ ಅಳತೆಯ 3 ಡಬ್ಬಿ. ಅಂತರ ಎಷ್ಟು? 2 ಡಬ್ಬಿ. 12 ವರ್ಷ ಆದ್ಮೇಲೆ ತಾಯಿ ಮಗಳ 2 ಪಟ್ಟು, ಅಂದ್ರೆ ಅಂತರವೂ ಮಗಳ ವಯಸ್ಸೂ ಒಂದೇ ಆಯ್ತು. ಅಂತರ ಆಗಲೂ ಅದೇ 2 ಡಬ್ಬಿ, ಹಾಗಾದ್ರೆ ಮಗಳು ಆಗ 2 ಡಬ್ಬಿ. ಈಗ 1 ಇರೋದು ಆಗ 2 ಆಯ್ತು, ಜಾಸ್ತಿಯಾದ ಆ ಒಂದು ಡಬ್ಬಿಯೇ 12 ವರ್ಷ. ಮುಗೀತು. ಮಗಳಿಗೆ 12, ತಾಯಿಗೆ 36. ತಾಳೆ ನೋಡಿ, 12 ವರ್ಷಕ್ಕೆ 24, 48, ಸರಿಯಾಗಿ ಎರಡು ಪಟ್ಟು. ಎಕ್ಸ್ ಬೇಕೇ ಆಗ್ಲಿಲ್ಲ. ಎಕ್ಸ್ ಹಾಕಿ ಮಾಡಿದ್ರೂ ತಪ್ಪಿಲ್ಲ, ಡಬ್ಬಿ ಬರೆದ ಮೇಲೆ ಹಾಕಿ.

ಜಾರ್ಜ್ ಪೋಲ್ಯಾ ಅಂತ ಹಂಗೇರಿ ಮೂಲದ ಗಣಿತಜ್ಞರು 1945ರಲ್ಲೇ ಇದಕ್ಕೆ ನಾಲ್ಕು ಹೆಜ್ಜೆ ಹೇಳಿದ್ರು. ಸಮಸ್ಯೆ ಅರ್ಥ ಮಾಡ್ಕೋ, ಉಪಾಯ ಹುಡುಕು, ಮಾಡು, ಹಿಂತಿರುಗಿ ನೋಡು. ನಮ್ಮ ಮಕ್ಕಳು ಸೀದಾ ಮೂರನೇ ಹೆಜ್ಜೆಗೇ ಹಾರ್ತಾರೆ, ನಾಲ್ಕನೇದನ್ನಂತೂ ಕೇಳೋದೇ ಬೇಡ.

ಇನ್ನೊಂದು, ಬೇಗ ಹೇಳಿಬಿಡ್ತೀನಿ. 'ಹೆಚ್ಚು' ಅಂದ್ರೆ ಕೂಡಿಸು, 'ಕಡಿಮೆ' ಅಂದ್ರೆ ಕಳೆ, ಹೀಗೆ ಪದ ಹಿಡಿದು ಲೆಕ್ಕ ಮಾಡೋದನ್ನ ಕೆಲವರು ಟ್ರಿಕ್ಸ್ ಅಂತ ಕಲಿಸ್ತಾರೆ, ನನಗೆ ಮೈಯೆಲ್ಲ ಉರಿಯುತ್ತೆ. ಅಣ್ಣನ ಹತ್ರ 15 ಗೋಲಿ ಇವೆ, ಅದು ತಂಗಿ ಹತ್ರ ಇರೋದಕ್ಕಿಂತ 6 ಹೆಚ್ಚು. ತಂಗಿ ಹತ್ರ ಎಷ್ಟು? 'ಹೆಚ್ಚು' ಅಂತ ಕೂಡಿಸಿದ್ರೆ 21, ತಂಗಿಗೇ ಜಾಸ್ತಿ ಗೋಲಿ ಬಂತು! ಉತ್ತರ 9. ಪದ ಹಿಡೀಬೇಡಿ, ಕತೆ ಓದಿ.

ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸ್ತಿದ್ದಾರೆ, ಎರಡು ನಿಮಿಷ ಅಂತೆ. ಸರಿ, ತಾಳೆ ನೋಡೋದರ ಬಗ್ಗೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಪರೀಕ್ಷೆ ಒಂದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ್ರು. ಒಂದು ಬಸ್ಸಲ್ಲಿ 36 ಸೈನಿಕರು ಹಿಡೀತಾರೆ, 1128 ಸೈನಿಕರಿಗೆ ಎಷ್ಟು ಬಸ್ ಬೇಕು? ನೂರಕ್ಕೆ 70 ಮಕ್ಕಳು ಭಾಗಾಕಾರ ಸರಿಯಾಗೇ ಮಾಡಿದ್ರು, ಭಾಗಲಬ್ಧ 31, ಶೇಷ 12. ಆದ್ರೆ 32 ಬಸ್ ಅಂತ ಬರೆದವರು ನೂರಕ್ಕೆ 23 ಮಾತ್ರ. ಉಳಿದವರಲ್ಲಿ ಎಷ್ಟೋ ಮಂದಿ '31, ಶೇಷ 12' ಅಂತಾನೇ ಬರೆದು ಪೇಪರ್ ಕೊಟ್ರು. ಶೇಷ 12 ಅಂದ್ರೆ ರಸ್ತೇಲಿ ನಿಂತಿರೋ 12 ಜನ ಕಣ್ರೀ! ಉತ್ತರನ ತಗೊಂಡು ಹೋಗಿ ಕತೆ ಒಳಗೆ ಇಟ್ಟು ನೋಡಿ, ಕೂರುತ್ತಾ ಅಂತ.

ಮನೆಗೆ ಒಂದು ಲೆಕ್ಕ, ದೊಡ್ಡೋರಿಗೆ. ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬೊಬ್ಬ ಪ್ರೊಫೆಸರ್‌ಗೆ ಆರಾರು ವಿದ್ಯಾರ್ಥಿಗಳು. ವಿದ್ಯಾರ್ಥಿಗಳ ಸಂಖ್ಯೆಗೆ 'ವಿ', ಪ್ರೊಫೆಸರ್‌ಗಳ ಸಂಖ್ಯೆಗೆ 'ಪ' ಅಂತ ಇಟ್ಕೊಂಡು ಸಮೀಕರಣ ಬರೀರಿ. ಬರೆದಾದ್ಮೇಲೆ 'ಪ' ಜಾಗದಲ್ಲಿ 10 ಹಾಕಿ, 'ವಿ' 60 ಬರುತ್ತಾ ನೋಡಿ. ಬರ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಇದನ್ನ ತಪ್ಪು ಬರೆದಿದ್ರು. ನಮ್ಮ ಸೋಫಾ ಮೇಲಿನ ಇಂಜಿನಿಯರ್‌ಗೂ ಕಳಿಸಿದೀನಿ, ಮೆಸೇಜ್ ನೋಡಿದಾನೆ, ಉತ್ತರ ಇನ್ನೂ ಬಂದಿಲ್ಲ. ನಮಸ್ಕಾರ.