ಹಗಲಲ್ಲಿ ಮಗು ಅರ್ಧ ಗಂಟೆಗೇ ಎದ್ದರೆ ಎಂತ ಮಾಡುವುದು?

[ಪರದೆಯಲ್ಲಿ: ಮಲಗಿರುವ ಮಗು, ಗೋಡೆಯ ಗಡಿಯಾರ]

ನಮಸ್ಕಾರ. ಸುರತ್ಕಲ್‌ನಿಂದ ಕುಂದಾಪುರದವರೆಗೆ ಎಲ್ಲಿ ಕೇಳಿದರೂ ಹೊಸ ಅಮ್ಮಂದಿರದು ಒಂದೇ ದೂರು. "ಮಲಗಿಸಲಿಕ್ಕೆ ಮುಕ್ಕಾಲು ಗಂಟೆ, ಮಲಗುವುದು ಅರ್ಧ ಗಂಟೆ. ಎಂತ ಮಾಡುವುದು ಮಾರಾಯ್ರೇ?" ಬೈಗುಳ ಬೀಳುವುದು ಗೇಟಿನ ಹತ್ತಿರ ಹಾರ್ನ್ ಹೊಡೆಯುವ ಮೀನಿನವರಿಗೆ. ಪಾಪ, ಹೆಚ್ಚಿನ ಸಲ ತಪ್ಪು ಅವರದಲ್ಲ.

ಮಗುವಿನ ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ. ಒಂದು ಸುತ್ತು ಸುಮಾರು 40ರಿಂದ 50 ನಿಮಿಷ. ಸುತ್ತು ಮುಗಿಯುವಾಗ ದೊಡ್ಡವರಿಗೂ ಅರೆ ಎಚ್ಚರ ಆಗುತ್ತದೆ, ಆದರೆ ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಮಗುವಿಗೆ ಅದು ಇನ್ನೂ ರೂಢಿಯಾಗಿರುವುದಿಲ್ಲ. ಐದಾರು ತಿಂಗಳವರೆಗೆ ಹಗಲಿನ ನಿದ್ದೆ ತುಂಡು ತುಂಡಾಗಿರುವುದು ಸಾಮಾನ್ಯ. ಹಾಗಾಗಿ ಮಗು ಸ್ವಲ್ಪ ಮಿಸುಕಿದ ಕೂಡಲೇ ಓಡಿಹೋಗಿ ಎತ್ತಿಕೊಳ್ಳಬೇಡಿ. ಕಣ್ಣು ಮುಚ್ಚಿಕೊಂಡೇ ಕೈಕಾಲು ಆಡಿಸುತ್ತದೆ, ಮುಲುಗುತ್ತದೆ. ಒಂದೆರಡು ನಿಮಿಷ ಸುಮ್ನೆ ನೋಡಿ. ಅತ್ತರೆ ಎತ್ತಿಕೊಳ್ಳಿ, ಅದರಲ್ಲಿ ಯೋಚಿಸುವುದಕ್ಕೆ ಏನಿಲ್ಲ.

[ಪರದೆಯಲ್ಲಿ: ವಯಸ್ಸು ಮತ್ತು ಎಚ್ಚರದ ಸಮಯ]

ಇನ್ನು ಮಲಗಿಸುವ ಹೊತ್ತು. ನನ್ನ ಪ್ರಕಾರ ಅರ್ಧ ಗಲಾಟೆ ಇರುವುದೇ ಇಲ್ಲಿ. ಮೊದಲ ತಿಂಗಳಲ್ಲಿ ಮಗು ಒಮ್ಮೆ ಎದ್ದರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಎಚ್ಚರ ಇರಬಲ್ಲದು. ಹಾಲು ಕುಡಿದು, ಬಟ್ಟೆ ಬದಲಿಸುವಷ್ಟರಲ್ಲಿ ಅದು ಮುಗಿದೇ ಹೋಗುತ್ತದೆ. ನಾಲ್ಕು ತಿಂಗಳಿಗೆ ಒಂದೂವರೆಯಿಂದ ಎರಡು ಗಂಟೆ, ಆರು ತಿಂಗಳಿಗೆ ಎರಡರಿಂದ ಎರಡೂವರೆ, ಒಂಬತ್ತಕ್ಕೆ ಮೂರರ ಹತ್ತಿರ. ಇದು ಅಂದಾಜು ಲೆಕ್ಕ. ಗಡಿಯಾರಕ್ಕಿಂತ ಮಗುವಿನ ಮುಖ ನೋಡುವುದು ಒಳ್ಳೆಯದು. ಆಟ ಬಿಟ್ಟು ಎಲ್ಲೋ ನೋಡುತ್ತದೆ, ಹುಬ್ಬಿನ ಹತ್ತಿರ ಕೆಂಪಾಗುತ್ತದೆ, ಕಿವಿ ಎಳೆದುಕೊಳ್ಳುತ್ತದೆ. ಮಲಗಿಸಬೇಕಾದದ್ದು ಆಗ. ಕಣ್ಣುಜ್ಜಿ ರಚ್ಚೆ ಹಿಡಿದ ಮೇಲೆ ತೂಗಲು ಶುರು ಮಾಡಿದರೆ ತಡವಾಯಿತು. ದಣಿವು ಮಿತಿಮೀರಿದ ಮಗು ಬೇಗ ಮಲಗುವುದಿಲ್ಲ, ಮಲಗಿದರೂ ಬೇಗ ಏಳುತ್ತದೆ.

ನಾಮಕರಣದ ದಿನ ನೋಡಿ. ಮಗು ದೊಡ್ಡಮ್ಮನ ಕೈಯಿಂದ ಅತ್ತೆಯ ಕೈಗೆ, ಅಲ್ಲಿಂದ ಪಕ್ಕದ ಮನೆಯವರ ಕೈಗೆ ಹೋಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಕಿರುಚಾಟ. "ದೃಷ್ಟಿ ಆಗಿದೆ" ಅನ್ನುತ್ತಾರೆ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿ. ಎದ್ದು ಮೂರು ಗಂಟೆಯಾದರೂ ಕಣ್ಣು ಮುಚ್ಚಿಲ್ಲ ಅದು.

ನಮ್ಮ ಕಡೆಯ ಎಣ್ಣೆ ಸ್ನಾನದ್ದೂ ಇದೇ ಕತೆ. ಬಿಸಿನೀರಿನಲ್ಲಿ ಮಿಂದ ಮೈ ಆಮೇಲೆ ನಿಧಾನವಾಗಿ ತಣಿಯುತ್ತದೆ, ಹಾಗೆ ತಣಿಯುವಾಗ ನಿದ್ದೆ ಬರುತ್ತದೆ. ಅಜ್ಜಿಯಂದಿರು ಹೇಳುವ "ಮಿಂದ ನಿದ್ದೆ" ಸುಳ್ಳಲ್ಲ. ಆದರೆ ಮೀಯಿಸುವವರು ಬರಲಿ ಎಂದು ತೂಕಡಿಸುವ ಮಗುವನ್ನು ಎಬ್ಬಿಸಿ ಕೂರಿಸಿಕೊಂಡರೆ ಪ್ರಯೋಜನ ಇಲ್ಲ. ಮಗು ಎದ್ದ ಸ್ವಲ್ಪ ಹೊತ್ತಿಗೇ ಸ್ನಾನ ಮಾಡಿಸಿ, ಹಾಲು ಕೊಟ್ಟು, ಮಲಗಿಸಿ. ಸಾಂಬ್ರಾಣಿ ಹೊಗೆ ಮಾತ್ರ ಬೇಡ. ಅಷ್ಟು ಸಣ್ಣ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ.

[ಪರದೆಯಲ್ಲಿ: ಫ್ಯಾನ್, ತೆಳು ಹತ್ತಿ ಅಂಗಿ]

ಈಗ ಸೆಖೆ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿನ ಗಾಳಿಯಲ್ಲೇ ನೀರು ತುಂಬಿರುತ್ತದೆ, ಬೆವರು ಆರುವುದಿಲ್ಲ. ಮಗುವಿಗೆ ಒಂದೇ ಪದರ ತೆಳು ಹತ್ತಿ ಬಟ್ಟೆ ಸಾಕು. ಟೊಪ್ಪಿ, ಸಾಕ್ಸ್ ಬೇಡ. ಮಳೆಗಾಲ ಬಂತು ಎಂದು ಮನೆಯೊಳಗೆ ಸ್ವೆಟರ್ ಹಾಕುವವರೂ ಇದ್ದಾರೆ! ಮಗು ಶಾಖ ಹೊರಹಾಕುವುದು ಹೆಚ್ಚಾಗಿ ತಲೆಯ ಮೂಲಕ. ಅತಿಯಾಗಿ ಬಿಸಿಯಾಗುವುದು ನಿದ್ದೆಯಲ್ಲಿ ಅಪಾಯ. ಕೈಕಾಲು ತಣ್ಣಗಿದ್ದರೆ ಹೆದರಬೇಡಿ. ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಸೆಖೆ ಜಾಸ್ತಿ ಆಗಿದೆ. ಫ್ಯಾನ್ ಹಾಕಬಹುದು.

ಸೊಳ್ಳೆಯ ಬಗ್ಗೆ ಒಂದು ಮಾತು. ಮಲೇರಿಯಾ ಕಂಡ ಊರು ನಮ್ಮದು, ರಾತ್ರಿ ಪರದೆ ಕಟ್ಟುವುದನ್ನು ಮರೆಯುವುದಿಲ್ಲ. ಆದರೆ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಯಾಗುವ ಮೊದಲು. ಅಂದರೆ ಮಗು ಮಲಗುವ ಹೊತ್ತಿಗೇ. ಹಗಲಲ್ಲೂ ಪರದೆ ಹಾಕಿ. ಹಿತ್ತಲಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆಯಲ್ಲಿ ನಿಂತ ನೀರು ಚೆಲ್ಲಿ. ಕೋಣೆ ಮುಚ್ಚಿ ಕಾಯಿಲ್ ಹಚ್ಚಬೇಡಿ.

ಬೆಳಕು? ಮೊದಲ ಎರಡು ಮೂರು ತಿಂಗಳು ಮಗುವಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಎಚ್ಚರ ಇರುವಾಗ ಜಗಲಿಗೆ ತಂದು ಬೆಳಕು ತೋರಿಸಿ. ಆಮೇಲಿನ ವಯಸ್ಸಿಗೆ ಮಲಗುವ ಕೋಣೆ ಸ್ವಲ್ಪ ಕತ್ತಲಿದ್ದರೆ ಅನುಕೂಲ. ಹಂಚಿನ ಮನೆಯ ಒಳಕೋಣೆ ಇದ್ದವರು ಪುಣ್ಯವಂತರು, ಫ್ಲ್ಯಾಟಿನವರು ದಪ್ಪ ಪರದೆ ಹಾಕಿ.

[ಪರದೆಯಲ್ಲಿ: ಬೆನ್ನ ಮೇಲೆ ಮಲಗಿದ ಮಗು, ಗಟ್ಟಿ ಹಾಸಿಗೆ]

ಇದನ್ನು ಮಾತ್ರ ಅಜ್ಜಿ ಬೇಡ ಅಂದರೂ ಬಿಡಬೇಡಿ. ಹಗಲಿರಲಿ, ರಾತ್ರಿಯಿರಲಿ, ಮಗುವನ್ನು ಬೆನ್ನ ಮೇಲೆ ಮಲಗಿಸಿ. ಸಮತಟ್ಟಾದ ಗಟ್ಟಿ ಹಾಸಿಗೆ ಇರಲಿ. ರಾಗಿ ದಿಂಬು, ಸಾಸಿವೆ ದಿಂಬು, ಗೊಂಬೆ ಯಾವುದೂ ಬೇಡ. 1994ರಲ್ಲಿ ಅಮೆರಿಕದಲ್ಲಿ ಬೆನ್ನ ಮೇಲೆ ಮಲಗಿಸಿ ಎಂಬ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲೇ ಹಠಾತ್ತಾಗಿ ತೀರಿಕೊಳ್ಳುವ ಶಿಶುಗಳ ಸಂಖ್ಯೆ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. "ತಲೆ ಚಪ್ಪಟೆ ಆಗುತ್ತದೆ" ಅನ್ನುವವರಿಗೆ ಉತ್ತರ ಉಂಟು. ಎಚ್ಚರ ಇರುವಾಗ ನಿಮ್ಮ ಕಣ್ಣೆದುರು ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿ. ಸೀರೆಯ ಜೋಲಿಯಲ್ಲಿ ಮಗು ಬಾಗಿ ಗಲ್ಲ ಎದೆಗೆ ಒತ್ತಿದರೆ ಉಸಿರಾಟಕ್ಕೆ ಕಷ್ಟ. ತೂಗಿ ನಿದ್ದೆ ಹತ್ತಿಸಿ, ಆಮೇಲೆ ಹಾಸಿಗೆಗೆ ಇಳಿಸಿ. ನಿದ್ದೆ ಬರಲಿ ಎಂದು ಜೇನು ನೆಕ್ಕಿಸುವುದಂತೂ ಒಂದು ವರ್ಷದೊಳಗೆ ಬೇಡವೇ ಬೇಡ.

ನಾಲ್ಕು ತಿಂಗಳಿಂದ ಒಂದು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ನಿಮ್ಮ ಮಗು ಅಷ್ಟು ಮಲಗಿ, ಎದ್ದಾಗ ಗೆಲುವಾಗಿದ್ದರೆ ತುಂಡು ನಿದ್ದೆಗೆ ತಲೆಬಿಸಿ ಬೇಡ. ಆದರೆ ಹಾಲಿಗೆ ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಂತು ನಿಂತು ಬರುತ್ತಿದೆ, ಇಲ್ಲವೇ ದಿನವೂ ಗೊರಕೆ ಕೇಳುತ್ತಿದೆ ಎಂದಾದರೆ ವಿಡಿಯೋ ನೋಡುತ್ತಾ ಕೂರಬೇಡಿ, ಮಕ್ಕಳ ಡಾಕ್ಟರ ಹತ್ತಿರ ಹೋಗಿ.