ರಜೆಯಲ್ಲಿದ್ದಾಗ ಬಂದ ಪತ್ರ

ಎಲ್ಲರಿಗೂ ನಮಸ್ಕಾರ.

ಖಿನ್ನತೆಗೆ ಚಿಕಿತ್ಸೆ ಪಡೆಯಲು ನಾನು ವೈದ್ಯಕೀಯ ರಜೆ ಹಾಕಿದ್ದೆ. ಐದನೇ ವಾರ ಆಫೀಸಿನಿಂದ ಇಮೇಲ್ ಬಂತು. ನನ್ನ ಹುದ್ದೆಯನ್ನು ರದ್ದು ಮಾಡಿದ್ದರು. ಜೊತೆಗೆ ಒಂದು ಒಪ್ಪಂದ ಪತ್ರವೂ ಇತ್ತು. ಸಹಿ ಹಾಕಿ ಕಳಿಸಲು ಒಂದು ವಾರ ಸಮಯ ಕೊಟ್ಟಿದ್ದರು. ನಾನು ಅರ್ಧ ಗಂಟೆಯಲ್ಲೇ ಕಳಿಸಿಬಿಟ್ಟೆ. ಪೂರ್ತಿ ಓದಿರಲೂ ಇಲ್ಲ.

ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ದಿನ ನನ್ನನ್ನೇ ಬೈದುಕೊಂಡೆ. ಈಗ ಅರ್ಥವಾಗಿದೆ. ಗಮನ ನಿಲ್ಲದಿರುವುದು, ತೀರ್ಮಾನ ಮಾಡಲಾಗದಿರುವುದು, ತಪ್ಪೆಲ್ಲ ನನ್ನದೇ ಅನ್ನಿಸುವುದು, ಇವೆಲ್ಲ ಖಿನ್ನತೆಯ ಲಕ್ಷಣಗಳೇ. 'ನೀನು ಯಾವುದಕ್ಕೂ ಲಾಯಕ್ಕಿಲ್ಲ' ಅಂತ ಕಾಯಿಲೆ ತಿಂಗಳುಗಟ್ಟಲೆ ಹೇಳುತ್ತಿತ್ತು. ಆ ಪತ್ರ ಅದಕ್ಕೆ ಸಾಕ್ಷಿ ಹೇಳಿದ ಹಾಗಾಯಿತು. ಓದುವ ಅಗತ್ಯವೇ ಕಾಣಲಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಸಾಮಾನ್ಯವಾಗಿ ಕೆಲವು ವಾರ ಬೇಕು. ನನಗೆ ಆಗಷ್ಟೇ ರಾತ್ರಿ ನಿದ್ದೆ ಬರತೊಡಗಿತ್ತು.

ಆಗ ಸೋತವಳು ನಾನೊಬ್ಬಳೇ ಅಂದುಕೊಂಡಿದ್ದೆ. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟು ದಿನಗಳ ಹಿಂದೆ ಎಷ್ಟು ಜನ ಇರಬೇಕು, ಯೋಚಿಸಿ.

ಇನ್ನು ಕಾನೂನಿನ ಮಾತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆ ಇದೆ. ಕಾಯಿಲೆಯಿಂದ ಸ್ವಲ್ಪ ಕಾಲ ಕೆಲಸಕ್ಕೆ ಬರದಿರುವುದು ಕೆಲಸದಿಂದ ತೆಗೆಯಲು ತಕ್ಕ ಕಾರಣವಲ್ಲ ಎಂದು ಅದರ 6ನೇ ವಿಧಿ ಹೇಳುತ್ತದೆ. ಆದರೆ ಬಹಳಷ್ಟು ದೇಶಗಳು ಇದನ್ನು ಒಪ್ಪಿಕೊಂಡಿಲ್ಲ. ಅಲ್ಲದೆ, ರಜೆಯಲ್ಲಿದ್ದವರನ್ನು ಬೇರೆ ನಿಜವಾದ ಕಾರಣಕ್ಕೆ ತೆಗೆಯಲು ಎಷ್ಟೋ ಕಡೆ ಅವಕಾಶ ಇದೆ. ಹಾಗಾಗಿ ಜಗಳವೆಲ್ಲ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತದೆ: ಕೊಟ್ಟ ಕಾರಣ ನಿಜವೋ, ನೆಪವೋ? ರಜೆಗೆ ಮುಂಚೆಯೇ ಈ ಮಾತು ನಡೆದಿತ್ತಾ? ಅದೇ ಕೆಲಸದ ಬೇರೆಯವರೂ ಹೋದರಾ? 'ರದ್ದಾದ' ಹುದ್ದೆಗೆ ಆಮೇಲೆ ಯಾರನ್ನಾದರೂ ತಂದು ಕೂರಿಸಿದರಾ?

ಇದಕ್ಕೆಲ್ಲ ಉತ್ತರ ಕಾಗದದಲ್ಲಿರುತ್ತದೆ. ರಜೆ ಅರ್ಜಿ, ಅದನ್ನು ಮಂಜೂರು ಮಾಡಿದ ಪತ್ರ, ವೈದ್ಯರ ಸರ್ಟಿಫಿಕೇಟ್, ಹಿಂದಿನ ವರ್ಷಗಳಲ್ಲಿ ನಿಮ್ಮ ಕೆಲಸದ ಬಗ್ಗೆ ಬರೆದುಕೊಟ್ಟದ್ದು. ಇವುಗಳ ಪ್ರತಿ ರಜೆಗೆ ಹೋಗುವ ಮುಂಚೆಯೇ ನಿಮ್ಮ ಹತ್ತಿರ ಇರಲಿ. ಕೆಲಸ ಹೋದ ದಿನವೇ ಆಫೀಸ್ ಮೇಲ್ ಬಂದ್ ಆಗಬಹುದು. ನನ್ನದು ಮಧ್ಯಾಹ್ನದೊಳಗೆ ಬಂದ್ ಆಗಿತ್ತು.

ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಸಂಬಳ ನಿಂತಿತು, ವಿಮೆ ಹೋಯಿತು ಅಂತ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ತಲೆ ಸುತ್ತಬಹುದು, ನಿದ್ದೆ ಕೆಡಬಹುದು, ಆತಂಕ ಜಾಸ್ತಿಯಾಗಬಹುದು. ಕಾಯಿಲೆಯೂ ಮರುಕಳಿಸಬಹುದು. ದುಡ್ಡಿನ ಕಷ್ಟವನ್ನು ವೈದ್ಯರಿಗೇ ಹೇಳಿ. ಅದೇ ಔಷಧಿ ಕಡಿಮೆ ಬೆಲೆಗೆ ಸಿಗಬಹುದು. ನಾಚಿಕೆಪಟ್ಟುಕೊಂಡು ನಾನು ಹೇಳಿರಲಿಲ್ಲ. ಮಾತ್ರೆಯಿಲ್ಲದೆ ಕಳೆದ ಆ ಎರಡು ವಾರ ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಯಾರನ್ನಾದರೂ ಎಬ್ಬಿಸಿ, ಸಹಾಯವಾಣಿಗೆ ಫೋನ್ ಮಾಡಿ. ಪತ್ರದ ವಿಚಾರ ಆಮೇಲೆ ನೋಡಿಕೊಳ್ಳೋಣ.

ನನ್ನ ಒಪ್ಪಂದ ಪತ್ರವನ್ನು ಕೊನೆಗೆ ಓದಿದ್ದು ಅಕ್ಕ. ಎರಡನೇ ಪುಟದಲ್ಲಿ ಬೆರಳಿಟ್ಟು, "ಮುಂದೆ ಯಾವ ದೂರನ್ನೂ ಕೊಡುವುದಿಲ್ಲ ಅಂತ ಬರೆದುಕೊಟ್ಟಿದ್ದೀಯಲ್ಲೇ, ಗೊತ್ತಿತ್ತಾ?" ಅಂದಳು. ಗೊತ್ತಿರಲಿಲ್ಲ. ಆ ವಾರದ ಒಂದು ದಿನ ಅವಳಿಗೆ ಫೋನ್ ಮಾಡಿದ್ದರೆ ಸಾಕಿತ್ತು.

ನಿಮ್ಮಲ್ಲಿ ಯಾರ ಮೊಬೈಲಿನಲ್ಲಾದರೂ ಅಂಥ ಪತ್ರ ಇನ್ನೂ ಸಹಿ ಇಲ್ಲದೆ ಇದ್ದರೆ, ಮಾತು ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಬನ್ನಿ, ಜೊತೆಗೆ ಕೂತು ಓದೋಣ.